ಚೆಪಾಕಿನಲ್ಲಿ ಕನ್ನಡ: ಮದರಾಸು ವಿಶ್ವವಿದ್ಯಾನಿಲಯದ ಒಂದು ಮಗ್ಗುಲು

1857ರ ಸೆಪ್ಟೆಂಬರ್ 5ರಂದು ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾನಿಲಯ ಲಂಡನ್ ಮಾದರಿಯದು. ಮೊದಲ ಅರ್ಧ ಶತಮಾನ ಅದು ತಾನೇ ಪಾಠ ಹೇಳಲಿಲ್ಲ. ಕಾಲೇಜುಗಳಿಗೆ ಮಾನ್ಯತೆ ಕೊಟ್ಟು, ಪರೀಕ್ಷೆ ನಡೆಸಿ, ಪದವಿ ನೀಡುತ್ತಿತ್ತು, ಅಷ್ಟೆ. ವಾಸ್ತುಶಿಲ್ಪಿ ಚಿಶೋಮ್ ವಿನ್ಯಾಸದ ಸೆನೆಟ್ ಹೌಸ್ 1879ರಲ್ಲಿ ಚೆಪಾಕಿನಲ್ಲಿ, ಮರೀನಾದ ಎದುರು ತಲೆಯೆತ್ತಿದ್ದೂ ಬೋಧನೆಗೆಂದಲ್ಲ.

ಈ ಪರೀಕ್ಷಾ ಕಚೇರಿಯ ಕೈ ಮಾತ್ರ ಕನ್ನಡ ನಾಡಿನವರೆಗೂ ಚಾಚಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು, ಮಂಗಳೂರಿನ ಸಂತ ಅಲೋಶಿಯಸ್ ಎಲ್ಲಕ್ಕೂ ಪದವಿ ಬರುತ್ತಿದ್ದುದು ಮದರಾಸಿನಿಂದ. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಮದರಾಸಿನ ಬಿ.ಎ. ಪಡೆದ ವಿಶ್ವೇಶ್ವರಯ್ಯನವರೇ ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ತನ್ನದೇ ವಿಶ್ವವಿದ್ಯಾನಿಲಯ ಕಟ್ಟಿಕೊಂಡಿತು. ಅದಕ್ಕೆ ಮೊದಲು ಕತೆಗಾರ ಮಾಸ್ತಿಯವರು 1914ರಲ್ಲಿ ಪಡೆದ ಇಂಗ್ಲಿಷ್ ಎಂ.ಎ. ಇನ್ನೂ ಮದರಾಸಿನದೇ.

ಇಷ್ಟಕ್ಕೇ ನಿಂತರೆ ಇದು ಬರೀ ಆಡಳಿತದ ಕಥೆ. ಗಮನಿಸಬೇಕಾದ್ದು ಬೇರೆಯೇ ಇದೆ: ಕನ್ನಡದ ನೆಲ ಕೈತಪ್ಪುತ್ತ ಹೋದಂತೆ ಮದರಾಸಿನಲ್ಲಿ ಕನ್ನಡದ ವಿದ್ವತ್ತು ಬಲಿಯಿತು. 1927ರಲ್ಲಿ ವಿಶ್ವವಿದ್ಯಾನಿಲಯದ ಪ್ರಾಚ್ಯ ಸಂಶೋಧನ ಸಂಸ್ಥೆ ಆರಂಭವಾಗಿ, ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಕನ್ನಡಕ್ಕೂ ವಿಭಾಗ ಬಂತು. ಕಾಲಿನ್ ಮೆಕೆಂಜಿ ಕೂಡಿಸಿದ ಹಸ್ತಪ್ರತಿ ಸಂಗ್ರಹವನ್ನೂ ಒಳಗೊಂಡ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರ ಅದೇ ಊರಿನಲ್ಲಿತ್ತು. ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ 1930ರಲ್ಲಿ 'ಕವಿರಾಜಮಾರ್ಗ'ವನ್ನು ಸಂಪಾದಿಸಿ ಹೊರತಂದರು. ಕೆ.ಬಿ. ಪಾಠಕರ 1898ರ ಆವೃತ್ತಿಯ ನಂತರ ಈ ಕೃತಿಗೆ ಸಿಕ್ಕ ದೊಡ್ಡ ಆರೈಕೆ ಅದು. ಕೋಶ, ಪುರಾಣ, ಅಲಂಕಾರ ಗ್ರಂಥಗಳು ವಿಶ್ವವಿದ್ಯಾನಿಲಯದ ಅದೇ ಪ್ರಕಟಣ ಮಾಲೆಯಲ್ಲಿ ಬೆಳಕು ಕಂಡವು. ಮದರಾಸಿನ ಈ ಸಂಪಾದಕರಿಗೆ ನಮ್ಮ ಸಾಹಿತ್ಯ ಚರಿತ್ರೆಗಳು ಅಡಿಟಿಪ್ಪಣಿಯಲ್ಲಿ ಜಾಗ ಕೊಟ್ಟು ಕೈತೊಳೆದುಕೊಂಡಿವೆ ಎಂಬುದು ನನ್ನ ತಕರಾರು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಂಗಳೂರೂ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೂ ಎಂ. ಮರಿಯಪ್ಪ ಭಟ್ಟರು ಮದರಾಸಿನ ಕನ್ನಡ ವಿಭಾಗದಲ್ಲಿ ಕೂತು ಕೋಶದ ಕೆಲಸ ನಡೆಸಿದರು. ಶಂಕರ ಕೆದಿಲಾಯರೊಂದಿಗೆ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಬಂತು. ಬಾಸೆಲ್ ಮಿಶನ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿದ್ದ ಕಿಟೆಲ್‌ರ ಕನ್ನಡ–ಇಂಗ್ಲಿಷ್ ಕೋಶ ಮರಿಯಪ್ಪ ಭಟ್ಟರ ಪರಿಷ್ಕರಣದಲ್ಲಿ ನಾಲ್ಕು ಸಂಪುಟಗಳಾಗಿ ಬೆಳೆಯಿತು. 1968ರಿಂದ 1971ರವರೆಗೆ ಅವು ಒಂದೊಂದಾಗಿ ಹೊರಬಂದಾಗ ಮುಖಪುಟದಲ್ಲಿದ್ದ ಪ್ರಕಾಶಕರ ಹೆಸರು ಮದರಾಸು ವಿಶ್ವವಿದ್ಯಾನಿಲಯದ್ದು. ಆ ಹೊತ್ತಿಗೆ ಕರಾವಳಿಯ ಕನ್ನಡ ಕಾಲೇಜುಗಳೂ ಅದರ ಸುಪರ್ದಿನಲ್ಲಿರಲಿಲ್ಲ.