ಶಿಶುಪಾಲನೆ ಮತ್ತು ಶಾಲಾಪೂರ್ವ ಶಿಕ್ಷಣಕ್ಕೆ ನೆರವು (ಕರ್ನಾಟಕ)

ಆರು ವರ್ಷದೊಳಗಿನ ಮಕ್ಕಳ ಪಾಲನೆ, ಪೋಷಣೆ ಮತ್ತು ಮೊದಲ ಕಲಿಕೆಯ ಖರ್ಚು ಕುಟುಂಬಗಳಿಗೆ ಹೊರೆಯಾಗದಂತೆ ಸರ್ಕಾರವೂ ಉದ್ಯೋಗದಾತರೂ ಒದಗಿಸುವ ಸೌಲಭ್ಯಗಳ ವ್ಯವಸ್ಥೆ. ಇದರ ಬಹುಪಾಲು ಕೈಗೆ ಸಿಗುವುದು ಹಣವಾಗಿ ಅಲ್ಲ: ಊರೊಳಗಿನ ಒಂದು ಕೋಣೆ, ಮಧ್ಯಾಹ್ನದ ಬಿಸಿಯೂಟ, ಮಕ್ಕಳನ್ನು ನೋಡಿಕೊಳ್ಳುವ ಇಬ್ಬರು ಹೆಂಗಸರು. ಅಂಗನವಾಡಿ ಇದರ ಮುಖ್ಯ ರೂಪ. ಮೂರರಿಂದ ಆರು ವರ್ಷದ ಮಕ್ಕಳಿಗೆ ಈ ನೆರವು ಹಳ್ಳಿಹಳ್ಳಿಗೂ ತಲುಪಿದೆ. ಮೂರು ತುಂಬದ ಕೂಸುಗಳನ್ನು ಹಗಲು ನೋಡಿಕೊಳ್ಳುವ ಏರ್ಪಾಡು ಮಾತ್ರ ತಡವಾಗಿ ಬಂದಿದೆ.

ಹಿನ್ನೆಲೆ

ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1940ರ ದಶಕದಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ನಡೆಸಿದರು. ಬಡವರ ಕೇರಿಯ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನಲ್ಲಿ ಇಂದಿಗೂ ಆ ಅಂಗಳ ಉಳಿದಿದೆ.

ಕೇಂದ್ರ ಸರ್ಕಾರ 1974ರಲ್ಲಿ ರಾಷ್ಟ್ರೀಯ ಮಕ್ಕಳ ನೀತಿಯನ್ನು ಒಪ್ಪಿ, 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳಿಂದ ಶುರುವಾದ ಯೋಜನೆ ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಹಬ್ಬಿದೆ.

ಯೋಜನೆಯಿಂದ ಹಕ್ಕಿಗೆ

ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಪ್ರತಿ ಜನವಸತಿಯಲ್ಲೂ ಅಂಗನವಾಡಿ ಇರಬೇಕೆಂದು ಮಧ್ಯಂತರ ಆದೇಶ ನೀಡಿತು. 2006ರ ಡಿಸೆಂಬರ್‌ನಲ್ಲಿ ಮತ್ತೊಂದು ಆದೇಶ ಹೊರಡಿಸಿ, ದೇಶದಲ್ಲಿ 14 ಲಕ್ಷ ಕೇಂದ್ರಗಳಾಗಬೇಕೆಂದು ಹೇಳಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಕಾನೂನಿನ ಹಕ್ಕು. ದಿನಕ್ಕೆ 500 ಕಿಲೋಕ್ಯಾಲರಿ ಶಕ್ತಿ, 12ರಿಂದ 15 ಗ್ರಾಂ ಪ್ರೋಟೀನ್ ಕಾಯ್ದೆಯಲ್ಲಿ ಮೊದಲು ನಿಗದಿಯಾಗಿದ್ದ ಅಳತೆ.

ಕಲಿಕೆಗೆ ಅಷ್ಟು ಬಿಗಿಯಾದ ಕಟ್ಟುಪಾಡಿಲ್ಲ. ಸಂವಿಧಾನದ 86ನೇ ತಿದ್ದುಪಡಿ (2002) ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರೊಳಗಿನವರ ಪಾಲನೆ ಮತ್ತು ಶಿಕ್ಷಣ 45ನೇ ವಿಧಿಯಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಉಳಿಯಿತು.

ಅಂಗನವಾಡಿಯ ಕೆಲಸ

ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಆರೋಗ್ಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳು ಇಲ್ಲಿ ಸಿಗುತ್ತವೆ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಕೇಂದ್ರವನ್ನು ನಡೆಸುತ್ತಾರೆ; ಮಕ್ಕಳ ಬಾಯಲ್ಲಿ ಕಾರ್ಯಕರ್ತೆ ‘ಟೀಚರ್’ ಅಥವಾ ‘ಮಿಸ್’. ಹಾಡು, ಕತೆ, ಬಣ್ಣ, ಎಣಿಕೆಯ ಆಟಗಳಲ್ಲಿ ಬೆಳಗಿನ ಹೊತ್ತು ಸಾಗುತ್ತದೆ.

ಮಗುವಿನ ಬೆಳವಣಿಗೆ ನೋಡಲು ತಕ್ಕಡಿಯ ಜೊತೆಗೆ ಮೂರು ಬಣ್ಣದ ಒಂದು ಪಟ್ಟಿಯೂ ಬಳಕೆಯಲ್ಲಿದೆ. ಅದನ್ನು ಮಗುವಿನ ಎಡ ರಟ್ಟೆಯ ನಡುಭಾಗಕ್ಕೆ ಸುತ್ತುತ್ತಾರೆ. ಸುತ್ತಳತೆ 12.5 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು, 11.5ರಿಂದ 12.5ರ ನಡುವೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪು ಬಂದರೆ ತೀವ್ರ ಅಪೌಷ್ಟಿಕತೆ ಎಂದರ್ಥ. ಅಂಥ ಮಗುವಿಗೆ ದಿನಕ್ಕೆ 800 ಕಿಲೋಕ್ಯಾಲರಿಯ ಆಹಾರ ಸಲ್ಲಬೇಕೆಂದು 2013ರ ಕಾಯ್ದೆ ಹೇಳಿತ್ತು.

ರಾಜ್ಯ ಸರ್ಕಾರ ತನ್ನ ಕಡೆಯಿಂದ ಮೊಟ್ಟೆ, ಹಾಲು ಸೇರಿಸಿದೆ. ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್‌ನಲ್ಲಿ ಆರಂಭವಾಯಿತು. 2017ರ ಅಕ್ಟೋಬರ್ 2ರಂದು ಬಂದ ಮಾತೃಪೂರ್ಣ ಯೋಜನೆ ಬಸುರಿ ಮತ್ತು ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಬಡಿಸಿತು.

ಮೂರು ತುಂಬದ ಕೂಸುಗಳು

ಮೂರು ವರ್ಷದೊಳಗಿನ ಮಗುವಿಗೆ ಅಂಗನವಾಡಿಯಿಂದ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ತಾಯಿ ಕೂಲಿಗೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಗೆ ಪೊಟ್ಟಣದಲ್ಲಿ ಉತ್ತರವಿಲ್ಲ. ಅಜ್ಜಿ ಇಲ್ಲದ ಮನೆಯಲ್ಲಿ ದೊಡ್ಡ ಮಗಳು ಶಾಲೆ ಬಿಡುತ್ತಾಳೆ, ಇಲ್ಲವೇ ಕೆಲಸದ ಜಾಗದ ಮರದ ಕೊಂಬೆಗೆ ಸೀರೆಯ ಜೋಲಿ ಬೀಳುತ್ತದೆ.

ಕಾನೂನುಗಳು ಈ ಹೊಣೆಯನ್ನು ಮೊದಲು ಉದ್ಯೋಗದಾತರ ಮೇಲೆ ಹಾಕಿದವು. 1948ರ ಕಾರ್ಖಾನೆ ಕಾಯ್ದೆ, 1951ರ ತೋಟ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಇವೆಲ್ಲ ಶಿಶುವಿಹಾರವನ್ನು ಹೆಣ್ಣಾಳುಗಳ ಸಂಖ್ಯೆಗೆ ಕಟ್ಟಿದ್ದವು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು; 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುವಿಹಾರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಇಲ್ಲಿ ಎಣಿಕೆಗೆ ಬಂದದ್ದು ಹೆಂಗಸರಷ್ಟೇ ಅಲ್ಲ, ಎಲ್ಲ ನೌಕರರು. ಆದರೆ ಹೊಲದ ಕೂಲಿ, ಮನೆಗೆಲಸ, ಬೀದಿ ವ್ಯಾಪಾರದಲ್ಲಿರುವ ತಾಯಂದಿರಿಗೆ ಹೊಣೆ ಹೊರುವ ಸಂಸ್ಥೆಯೇ ಇಲ್ಲ.

ಕರ್ನಾಟಕ 2023–24ರ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ ಈ ತಾಯಂದಿರ ಕಡೆ ನೋಡಿತು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ (ನರೇಗಾ) ಕೂಲಿಗೆ ಹೋಗುವ ಹೆಂಗಸರ ಮೂರು ವರ್ಷದೊಳಗಿನ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೇಂದ್ರ ತೆರೆಯುವುದು ಇದರ ಗುರಿಯಾಗಿತ್ತು. ಉದ್ಯೋಗ ಚೀಟಿ ಇರುವ ಹೆಂಗಸರಿಗೇ ತರಬೇತಿ ಕೊಟ್ಟು, ಸರದಿಯಂತೆ ಆರೈಕೆದಾರರನ್ನಾಗಿ ನೇಮಿಸಿ, ಆ ಕೆಲಸವನ್ನೂ ನರೇಗಾ ಕೂಲಿಯಾಗಿ ಲೆಕ್ಕ ಹಿಡಿದದ್ದು ಇದರ ವಿಶೇಷ. ಅಂಗನವಾಡಿಯ ಜೊತೆಗೇ ಶಿಶುವಿಹಾರ ನಡೆಸುವ ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆಯೂ ಇದೆ; 2022ರಿಂದ ಅದು ಮಿಷನ್ ಶಕ್ತಿ ಎಂಬ ಮಹಿಳಾ ಕಾರ್ಯಕ್ರಮದ ಅಡಿಯಲ್ಲಿದೆ.

ಶುಲ್ಕ ಕಟ್ಟುವ ಕುಟುಂಬಗಳು

ಖಾಸಗಿ ಎಲ್‌ಕೆಜಿಗೆ ಮಗುವನ್ನು ಸೇರಿಸಿದವರಿಗೆ ಸಿಗುವ ನೆರವು ಬೇರೆ ಬಗೆಯದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸೀಟುಗಳು ದುರ್ಬಲ ವರ್ಗದ ಮಕ್ಕಳಿಗೆ ಉಚಿತ. ಆ ಶಾಲೆಯಲ್ಲಿ ಎಲ್‌ಕೆಜಿ ಇದ್ದರೆ ಅಲ್ಲಿಂದಲೇ ಅನ್ವಯ. ಕರ್ನಾಟಕ 2019ರಲ್ಲಿ ನಿಯಮ ಬದಲಿಸಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆಗೆ ಮಾತ್ರ ಇದನ್ನು ಸೀಮಿತಗೊಳಿಸಿತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ. ಪ್ಲೇ ಸ್ಕೂಲ್, ನರ್ಸರಿಯೂ ಅದರಲ್ಲಿ ಸೇರುತ್ತದೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ.

ಕಾರ್ಯಕರ್ತೆಯರ ಸ್ಥಿತಿ

ಕುಟುಂಬಗಳಿಗೆ ಉಳಿಯುವ ಖರ್ಚಿನ ಒಂದು ಪಾಲನ್ನು ಅಂಗನವಾಡಿಯ ಹೆಂಗಸರು ಕಡಿಮೆ ಪ್ರತಿಫಲದ ದುಡಿಮೆಯಾಗಿ ಭರಿಸುತ್ತಿದ್ದಾರೆ. ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. 2018ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರ ನಿಗದಿಪಡಿಸಿದ ಮೊತ್ತ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ರಾಜ್ಯಗಳು ತಮ್ಮ ಪಾಲನ್ನು ಇದಕ್ಕೆ ಸೇರಿಸುತ್ತವೆ. ಇವರು ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತೀರ್ಪಿತ್ತಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ರಾಜ್ಯ ಮುಂದಾದಾಗ, ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿ ಬರಿದಾಗುತ್ತದೆಂದು ಕಾರ್ಯಕರ್ತೆಯರು ಪ್ರತಿಭಟಿಸಿದರು. ಆ ತರಗತಿಗಳನ್ನು ಅಂಗನವಾಡಿಯಲ್ಲೇ ನಡೆಸಬೇಕೆಂಬುದು ಅವರ ಬೇಡಿಕೆಯಾಗಿತ್ತು. ಅದೇ ವರ್ಷ ಕೆಲವು ಕೇಂದ್ರಗಳಲ್ಲಿ ‘ಸರ್ಕಾರಿ ಮಾಂಟೆಸ್ಸರಿ’ ಹೆಸರಿನ ತರಗತಿಗಳು ಶುರುವಾದವು.