ಉಸಿರಿನ ಅಳತೆಯ ಚರಿತ್ರೆ: ರೇಷ್ಮೆ ಸೀಮೆಯ ಮಕ್ಕಳ ಹಿನ್ನೆಲೆಯಲ್ಲಿ

ಒಂದು ಜನಸಮುದಾಯವು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯದೆ ಬಿಡುತ್ತದೆ ಎಂಬುದು ಅದರ ಬದುಕನ್ನು ಅರಿಯಲು ಮುಖ್ಯವಾದ ಆಕರವಾಗಿದೆ. ಬೈರಾಪಟ್ಟಣವನ್ನೊಳಗೊಂಡ ಚನ್ನಪಟ್ಟಣ–ರಾಮನಗರ ಸೀಮೆಯ ರೇಷ್ಮೆ ಕಸುಬು ಈ ದೃಷ್ಟಿಯಿಂದ ಗಮನಾರ್ಹವಾದುದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಆಸಕ್ತಿಯಿಂದ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು ತನ್ನದೇ ಆದ ಪದಸಂಪತ್ತನ್ನು ಬೆಳೆಸಿಕೊಂಡಿದೆ. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ನಿಶ್ಚಲವಾಗುವುದನ್ನು ರೈತರು ‘ಜ್ವರ’ ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾದ ಹುಳು ‘ಹಣ್ಣಾಗುತ್ತದೆ’. ಚಾಕಿ ಹುಳುವಿಗೆ 27–28 ಡಿಗ್ರಿ, ಬೆಳೆದ ಹುಳುವಿಗೆ 24–25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕೆಂಬ ತಿಳಿವಳಿಕೆಯಿಂದಾಗಿ ಉಷ್ಣಮಾಪಕವು ಹುಳು ಮನೆಯ ಪರಿಕರವಾಗಿದೆ.

ಅದೇ ಪರಿಸರದಲ್ಲಿ ಬೆಳೆಯುವ ಮಗುವಿನ ಉಸಿರಿಗೆ ಇಂತಹ ಅಳತೆ ಇನ್ನೂ ಮನೆಮಾತಾಗಿಲ್ಲ. ಹುಳು ಮನೆಯನ್ನು ಶುದ್ಧಗೊಳಿಸಲು ಬಳಸುವ ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿ, ಗೂಡು ಬೇಯಿಸುವ ಒಲೆಯ ಹೊಗೆ, ಗೊಂಬೆ ಕಡೆಯುವಾಗ ಏಳುವ ಮರದ ಧೂಳು ಇವೆಲ್ಲ ಶ್ವಾಸನಾಳವನ್ನು ಕೆರಳಿಸಬಲ್ಲವು. ರೇಷ್ಮೆ ಉದ್ಯಮದ ಬಾಲಕಾರ್ಮಿಕರನ್ನು ಕುರಿತ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2003ರ ವರದಿಯು, ಕರ್ನಾಟಕದ ನೂಲು ಬಿಚ್ಚುವ ಘಟಕಗಳಲ್ಲಿ ಮಕ್ಕಳು ಹೊಗೆಯನ್ನು ಉಸಿರಾಡುತ್ತ ದುಡಿಯುತ್ತಿದ್ದುದನ್ನು ದಾಖಲಿಸಿದೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಆಧರಿಸಿ ನಡೆಸಿದ ದೀರ್ಘಕಾಲದ ಅಧ್ಯಯನದಲ್ಲಿ, ಆಸ್ತಮಾ ಪ್ರಮಾಣವು 1979ರಲ್ಲಿ ಶೇ. 9ರಷ್ಟಿದ್ದುದು 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಇದು ನಗರದ ಆಸ್ಪತ್ರೆಯೊಂದರ ಅಂಕಿ; ಹಳ್ಳಿಗಳಿಗೆ ಇದನ್ನು ಯಥಾವತ್ತಾಗಿ ಅನ್ವಯಿಸಲಾಗದು.

ಕನ್ನಡದಲ್ಲಿ ಉಸಿರಾಟದ ತೊಂದರೆಯನ್ನು ಸೂಚಿಸುವ ಪದಗಳಿಗೆ ಬಡತನವಿಲ್ಲ. ಉಬ್ಬಸ, ಗೂರಲು, ದಮ್ಮು, ಏದುಸಿರು, ಮೇಲುಸಿರು ಮುಂತಾದವು ಸೂಕ್ಷ್ಮ ವೀಕ್ಷಣೆಯಿಂದ ಹುಟ್ಟಿದವು. ಆದರೆ ಇವುಗಳಿಗೊಂದು ಸಮಾನ ಲಕ್ಷಣವಿದೆ. ಇವೆಲ್ಲ ಕಿವಿಗೆ ಕೇಳಿಸುವ, ಕಣ್ಣಿಗೆ ಕಾಣಿಸುವ ಸ್ಥಿತಿಯನ್ನು ಹೆಸರಿಸುತ್ತವೆ. ಉಬ್ಬಸ ಕೇಳಿಸುವ ಮೊದಲೇ ಶ್ವಾಸನಾಳಗಳು ಕಿರಿದಾಗತೊಡಗಿರುತ್ತವೆ. ಆ ಮೌನದ ಅವಧಿಗೆ ಈ ಪದಗಳಲ್ಲಿ ಹೆಸರಿಲ್ಲ. ಆಟದಲ್ಲಿ ಹಿಂದೆ ಬೀಳುವ ಮಗುವನ್ನು ಸೋಮಾರಿಯೆಂದು ಬಗೆಯುವುದಕ್ಕೆ ಇಲ್ಲಿಯೇ ಎಡೆಯಾಗುತ್ತದೆ.

ಈ ಕೊರತೆಯನ್ನು ತುಂಬುವ ಯತ್ನವಾಗಿಯೇ ಉಸಿರಿನ ಮಾಪಕಗಳ ಚರಿತ್ರೆಯನ್ನು ಗ್ರಹಿಸಬಹುದಾಗಿದೆ. ಇಂಗ್ಲೆಂಡಿನ ಜಾನ್ ಹಚಿನ್‌ಸನ್ 1846ರಲ್ಲಿ ತನ್ನ ಸ್ಪೈರೋಮೀಟರಿನ ಫಲಿತಗಳನ್ನು ಪ್ರಕಟಿಸಿ, ಶ್ವಾಸಕೋಶದ ಸಾಮರ್ಥ್ಯಕ್ಕೂ ದೇಹದ ಎತ್ತರಕ್ಕೂ ಇರುವ ಸಂಬಂಧವನ್ನು ತೋರಿಸಿದನು. 1959ರಲ್ಲಿ ರೈಟ್ ಮತ್ತು ಮೆಕೆರೊ ಎಂಬ ವಿಜ್ಞಾನಿಗಳು, ರಭಸವಾಗಿ ಹೊರಹಾಕಿದ ಉಸಿರಿನ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತಿಳಿಸುವ ಪೀಕ್ ಫ್ಲೋ ಮೀಟರನ್ನು ರೂಪಿಸಿದರು. ಎಪ್ಪತ್ತರ ದಶಕದಲ್ಲಿ ಅದರ ಕಿರಿಯ ರೂಪ ಬಂದ ಮೇಲೆ ಅಳತೆಯು ಆಸ್ಪತ್ರೆಯಿಂದ ಮನೆಗೆ ಇಳಿಯಿತು. ಮಗು ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಮ್ಮೆಲೇ ಊದಬೇಕು. ಮೂರು ಬಾರಿ ಊದಿದುದರಲ್ಲಿ ಹೆಚ್ಚಿನದನ್ನು ಗುರುತಿಸಬೇಕು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಇದು ನಂಬಲರ್ಹವಾಗುವುದು ಕಷ್ಟ.

ಡಿಜಿಟಲ್ ಮಾಪಕದ ವಿಶೇಷವೆಂದರೆ ಊದಿದ ಸಮಯವನ್ನೂ ಅಂಕಿಯನ್ನೂ ತಾನೇ ನೆನಪಿಟ್ಟುಕೊಳ್ಳುವುದು. ನೆದರ್‌ಲೆಂಡ್ಸ್‌ನ ಸಂಶೋಧಕರು 2001ರಲ್ಲಿ ಮಕ್ಕಳು ಬರೆದ ದಿನಚರಿಯನ್ನು ಯಂತ್ರದ ದಾಖಲೆಯೊಡನೆ ಹೋಲಿಸಿದಾಗ, ಊದದೆಯೇ ಬರೆದ ಅಂಕಿಗಳೂ ತಪ್ಪಾಗಿ ಬರೆದವೂ ಕಂಡುಬಂದವು. ಬರೆದದ್ದೆಲ್ಲ ನಡೆದದ್ದಲ್ಲವೆಂಬ, ಜಾನಪದ ಕ್ಷೇತ್ರಕಾರ್ಯದವರಿಗೆ ಪರಿಚಿತವಾದ ಎಚ್ಚರವೇ ಇಲ್ಲಿಯೂ ಅಗತ್ಯ. ಯಂತ್ರದ ಅಂಕಿಯೂ ಪ್ರಶ್ನಾತೀತವಲ್ಲ. ಹಳೆಯ ರೈಟ್ ಮಾನಕ್ಕೂ 2004ರಲ್ಲಿ ಬಳಕೆಗೆ ಬಂದ ಯುರೋಪಿನ ಮಾನಕ್ಕೂ ವ್ಯತ್ಯಾಸವಿರುವುದರಿಂದ ಒಂದೇ ಉಸಿರು ಎರಡು ಅಂಕಿಗಳನ್ನು ನೀಡಬಲ್ಲದು. ಯಾರ ಮಕ್ಕಳಿಗೆ ಯಾರ ಮಾನ ಎಂಬ ಪ್ರಶ್ನೆಯೂ ಉಂಟು. ದಕ್ಷಿಣ ಭಾರತದ ಮಕ್ಕಳಿಗೇ ಸಂಬಂಧಿಸಿದ ಸರಾಸರಿಗಳನ್ನು ಮದರಾಸಿನ ಸಂಶೋಧಕರು 1993ರಲ್ಲಿ ಪ್ರಕಟಿಸಿದ್ದರ ಮಹತ್ವ ಇದರಿಂದ ಸ್ಪಷ್ಟವಾಗುತ್ತದೆ. ಸರಾಸರಿಗಿಂತಲೂ ಮಗುವಿನದೇ ಉತ್ತಮ ಅಳತೆಯನ್ನು ಆಧಾರವಾಗಿಟ್ಟುಕೊಳ್ಳುವುದು ಇಂದಿನ ಕ್ರಮ. ಅದರ ಶೇ. 80ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, ಶೇ. 50ಕ್ಕಿಂತ ಇಳಿದರೆ ತುರ್ತು ಚಿಕಿತ್ಸೆ. ಅಂಕಿ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು, ರೋಗನಿರ್ಣಯ ವೈದ್ಯರದೇ.

ಒಟ್ಟಿನಲ್ಲಿ ಮಾಪಕವು ತಾಯಂದಿರ ತಿಳಿವಳಿಕೆಯನ್ನು ಅಲ್ಲಗಳೆಯುವ ಸಾಧನವಲ್ಲ. ಅವರ ಕಿವಿಗೆ ಇನ್ನೂ ಕೇಳಿಸದುದನ್ನು ತಿಳಿಸುವ ಪೂರಕ ಸಾಧನ. ಹುಳುವಿನ ‘ಜ್ವರ’ವನ್ನು ದಿನಗಣನೆಯಿಂದ ಮುಂಗಾಣಬಲ್ಲ ಸಮುದಾಯಕ್ಕೆ ಅಂಕಿಯ ಏರಿಳಿತವನ್ನು ಓದುವ ಶಿಸ್ತು ಹೊಸದಲ್ಲ. ಆ ಶಿಸ್ತು ಹುಳುವಿನ ಮನೆಯಿಂದ ಮಗುವಿನ ಉಸಿರಿಗೂ ವಿಸ್ತರಿಸಬೇಕಾಗಿದೆ.