ತಲೆ ದಣಿದಾಗ ರ‍್ಯಾಕೆಟ್ ಏನಾಗುತ್ತದೆ?

ತಲೆ ದಣಿದರೆ ಕೈಯೂ ಸೋಲುತ್ತದೆ ಎಂಬುದನ್ನು ಅಳೆದು ನೋಡಿದ ಮೊದಲಿಗರಲ್ಲಿ ಇಟಲಿಯ ಟ್ಯೂರಿನ್‌ನ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಒಬ್ಬ. ನಡುಬೆರಳಿನಿಂದ ತೂಕ ಎಳೆಸುವ ಯಂತ್ರವೊಂದನ್ನು ಆತ ಮಾಡಿಸಿದ್ದ. ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿಯ ಬೆರಳು ಎಂದಿಗಿಂತ ಬೇಗ ಕೈಚೆಲ್ಲುತ್ತಿತ್ತು. ದಣಿವಿನ ಕುರಿತ ಅವನ ಪುಸ್ತಕ ಬಂದದ್ದು 1891ರಲ್ಲಿ. ಪರೀಕ್ಷಕರ ಪಾಡಿಗೂ ಒಂದು ಪುರಾವೆ ಸಿಕ್ಕಿತೆನ್ನಿ!

ಆಮೇಲೆ ಬಹುಕಾಲ ಕ್ರೀಡಾವಿಜ್ಞಾನ ಹೃದಯ, ಶ್ವಾಸಕೋಶ, ಸ್ನಾಯುಗಳ ಬೆನ್ನು ಹತ್ತಿತು. ತಿರುವು ಸಿಕ್ಕಿದ್ದು 2009ರಲ್ಲಿ, ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ. ಸ್ಯಾಮ್ಯುಯೆಲೆ ಮಾರ್ಕೋರಾ ತಂಡ 16 ಮಂದಿಯನ್ನು 90 ನಿಮಿಷ ಕಂಪ್ಯೂಟರ್ ಮುಂದೆ ಕೂರಿಸಿ, ಗಮನ ಬೇಡುವ ನೀರಸ ಕೆಲಸ ಕೊಟ್ಟಿತು. ಇನ್ನೊಂದು ದಿನ ಅವರಿಗೇ ಸಾಕ್ಷ್ಯಚಿತ್ರ ತೋರಿಸಿತು. ಸಾಕ್ಷ್ಯಚಿತ್ರ ನೋಡಿದ ದಿನ ಅವರು ಸರಾಸರಿ 754 ಸೆಕೆಂಡ್ ಸೈಕಲ್ ತುಳಿದರೆ, ತಲೆ ದಣಿದ ದಿನ 640 ಸೆಕೆಂಡಿಗೇ ಕೈಬಿಟ್ಟರು. ಹೃದಯ, ರಕ್ತದ ಲ್ಯಾಕ್ಟೇಟ್ ಈ ವ್ಯತ್ಯಾಸಕ್ಕೆ ಕಾರಣ ಹೇಳಲಿಲ್ಲ. ಬದಲಾಗಿದ್ದದ್ದು ‘ಎಷ್ಟು ಕಷ್ಟ’ ಎಂಬ ಅನಿಸಿಕೆ.

ಸೈಕಲ್ಲಿನಿಂದ ಅಂಕಣಕ್ಕೆ ಬರಲು ದಶಕವೇ ಹಿಡಿಯಿತು. ಮಾನಸಿಕ ದಣಿವು ಗರಿಷ್ಠ ಬಲವನ್ನು ಅಷ್ಟಾಗಿ ತಟ್ಟುವುದಿಲ್ಲ, ಸಹನಶಕ್ತಿಯನ್ನು ತಟ್ಟುತ್ತದೆ ಎಂದು ಬ್ರಸೆಲ್ಸ್‌ನ ವಾನ್ ಕಟ್ಸೆಮ್ ಮತ್ತಿತರರ 2017ರ ಸಮೀಕ್ಷೆ ಹೇಳಿತು. ಮರುವರ್ಷ ಫ್ರಾನ್ಸಿನ ಲ ಮಾನ್ಸೆಕ್ ತಂಡಕ್ಕೆ ಟೇಬಲ್ ಟೆನಿಸ್‌ನಲ್ಲಿ ಚೆಂಡಿನ ವೇಗ, ನಿಖರತೆ ಎರಡರಲ್ಲೂ ಏರುಪೇರು ಕಂಡಿತು. 2019ರಲ್ಲಿ ವಾನ್ ಕಟ್ಸೆಮ್ ಅವರೇ ಬ್ಯಾಡ್ಮಿಂಟನ್ ಆಟಗಾರರ ಕಣ್ಣು–ಕೈ ಪ್ರತಿಕ್ರಿಯೆ ನಿಧಾನವಾಗುವುದನ್ನು ತೋರಿಸಿದರು. ಶಟಲ್ ಆಟದಲ್ಲಿ ಆ ತಡ ಸಣ್ಣದಲ್ಲ.

ಆದರೆ ಈ ಚಿತ್ರ ಅಷ್ಟು ಸರಳವೇ? ವೃತ್ತಿಪರ ಸೈಕಲ್ ಸವಾರರು ಇಂಥ ದಣಿವನ್ನು ಹವ್ಯಾಸಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆಂದು 2016ರಲ್ಲೇ ಗೊತ್ತಾಗಿತ್ತು. 2020ರಲ್ಲಿ ಹೊಲ್ಗಾಡೊ ತಂಡ ಹಳೆಯ ಪ್ರಯೋಗಗಳನ್ನು ಒಟ್ಟು ಮಾಡಿ ಜಾಲಾಡಿತು: ಮಾದರಿಗಳು ಚಿಕ್ಕವು, ಪರಿಣಾಮ ಕಂಡ ಫಲಿತಾಂಶಗಳೇ ಹೆಚ್ಚು ಅಚ್ಚಾಗಿವೆ, ನಿಜವಾದ ಪರಿಣಾಮ ಹೇಳಿದಷ್ಟು ದೊಡ್ಡದಿರಲಾರದು. ಈ ತಕರಾರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ನನ್ನ ಆಕ್ಷೇಪ ಬೇರೆಯದು. ಪ್ರಯೋಗಾಲಯ ಕೊಡುವುದು ಒಂದೂವರೆ ಗಂಟೆಯ ದಣಿವು. ಟೂರ್ನಿಯದು ದಿನಗಟ್ಟಲೆ ಕೂಡಿಬರುವಂಥದ್ದು. ವಿಮಾನ, ನಿದ್ದೆಗೇಡು, ಪತ್ರಿಕಾಗೋಷ್ಠಿ, ಹಿಂದಿನ ಪಂದ್ಯ ಯಾವಾಗ ಮುಗಿದೀತೋ ಎಂದು ಕಾಯುವ ಗಂಟೆಗಳು. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಆ್ಯಂಡಿ ಮರ‍್ರೆ–ಕೊಕಿನಾಕಿಸ್ ಪಂದ್ಯ ಮುಗಿದಾಗ ಬೆಳಗಿನ ಜಾವ 4 ದಾಟಿತ್ತು. 2024ರಿಂದ ವೃತ್ತಿಪರ ಟೆನಿಸ್ ಸಂಘಟನೆಗಳಾದ ಎಟಿಪಿ, ಡಬ್ಲ್ಯುಟಿಎಗಳು ತಮ್ಮ ಟೂರ್ನಿಗಳಲ್ಲಿ ರಾತ್ರಿ 11ರ ನಂತರ ಪಂದ್ಯ ಆರಂಭಿಸುವುದಕ್ಕೆ, ವಿಶೇಷ ಅನುಮತಿ ಇದ್ದರೆ ಹೊರತು, ತಡೆ ಹಾಕಿದವು.

ಇದೇ ಕಾರಣಕ್ಕೆ ಸ್ಕೋರು ನೋಡಿ ಮನಸ್ಸನ್ನು ಓದುವುದೂ ಅಪಾಯ. ಬೆಂಗಳೂರಿನ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್, ಪ್ಯಾರಿಸ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಅಕ್ಸೆಲ್ಸನ್ ವಿರುದ್ಧ ಮೊದಲ ಗೇಮ್‌ನಲ್ಲಿ 20–17, ಎರಡನೆಯದರಲ್ಲಿ 7–0 ಮುಂದಿದ್ದೂ ಸೋತರು. ಮರುದಿನ ಕಂಚಿನ ಪಂದ್ಯವೂ 21–13, 16–21, 11–21ರಲ್ಲಿ ಕೈತಪ್ಪಿತು. ಮನಸ್ಸಿನ ತರಬೇತಿಗೆ ಇನ್ನಷ್ಟು ಒತ್ತು ಬೇಕೆಂದು ಪ್ರಕಾಶ್ ಪಡುಕೋಣೆ ಹೇಳಿದರು. ಸರಿ, ಆದರೆ ಅಂದು ಲಕ್ಷ್ಯರ ಮೊಣಕೈಯಿಂದ ರಕ್ತವೂ ಸುರಿಯುತ್ತಿತ್ತು. ದಣಿವು, ಒತ್ತಡ, ಗಾಯ, ಎದುರಾಳಿಯ ಆಟ ಇವನ್ನು ಬಿಡಿಸಿ ತೂಗುವ ತಕ್ಕಡಿ ಇನ್ನೂ ಯಾರ ಬಳಿಯೂ ಇಲ್ಲ.

ಹಾಗಾಗಿ ನಮ್ಮ ತರಬೇತುದಾರರು ಮಿದುಳಿಗೆ ಕಸರತ್ತು ಕೊಡುವ ಆ್ಯಪ್‌ಗಳಿಗೆ ದುಡ್ಡು ಸುರಿಯುವ ಮೊದಲು ಆಟಗಾರರ ನಿದ್ದೆ, ಪ್ರಯಾಣ, ಪಂದ್ಯದ ಮುಂಚಿನ ಫೋನ್ ಬಳಕೆಗಳ ದಿನಚರಿ ಬರೆದಿಡಲಿ.